ಹೆಸರು ಕೊಟ್ಟವರಿಗೆ ಜೀವ: ‘ದಿ ಕ್ರೂಸಿಬಲ್’ ಆಡಿದ ಒಂದು ತಂಡದ ಪ್ರಕರಣ

ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಹವ್ಯಾಸಿ ರಂಗತಂಡ ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ ಅವರ ‘ದಿ ಕ್ರೂಸಿಬಲ್’ ನಾಟಕವನ್ನು ಕನ್ನಡಕ್ಕೆ ತಂದು ಆಡಿತು. ಮೊದಲು ಅದು ಹೇಗೆ ಕೆಟ್ಟಿತು, ಆಮೇಲೆ ಯಾವ ಯಾವ ತೀರ್ಮಾನಗಳಿಂದ ನಿಂತಿತು ಎನ್ನುವುದರ ದಾಖಲೆ ಇದು. ಊರು, ತಂಡ, ವ್ಯಕ್ತಿಗಳ ಗುರುತು ಹತ್ತದಂತೆ ಸಣ್ಣಪುಟ್ಟ ವಿವರಗಳನ್ನು ಬದಲಿಸಿದೆ. ಚರಿತ್ರೆಯ ಸಂಗತಿಗಳನ್ನು ಮುಟ್ಟಿಲ್ಲ.

ಹಿನ್ನೆಲೆ

ತಂಡದಲ್ಲಿ ಇಪ್ಪತ್ತಾರು ಜನ. ಬ್ಯಾಂಕು, ಶಾಲೆ, ಅಂಗಡಿ, ತಾಲ್ಲೂಕು ಕಚೇರಿಯಲ್ಲಿ ದುಡಿದು ಸಂಜೆ ಆರೂವರೆಗೆ ತಾಲೀಮಿಗೆ ಬರುವವರು. ‘ತುಘಲಕ್’, ‘ತಲೆದಂಡ’ ಆಡಿದ ಅನುಭವವಿತ್ತು. ಹಳೆಯ ಕಾಲದ ಕಥೆಯಲ್ಲಿ ಇವತ್ತಿನದನ್ನು ಹೇಳುವುದು ಅವರಿಗೆ ಹೊಸದೇನಲ್ಲ. ಆ ಅನುಭವವೇ ಈ ಸಲ ಸ್ವಲ್ಪ ಕಾಲಿಗೆ ತೊಡರಿತು ಅನ್ನಬೇಕು.

ನಾಟಕದ ಬುಡ 1692ರಲ್ಲಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಸೇಲಂ ಎಂಬ ಹಳ್ಳಿಯಲ್ಲಿ ಪಾದ್ರಿಯ ಮನೆಯ ಇಬ್ಬರು ಹುಡುಗಿಯರಿಗೆ ಮೈ ಸೆಟೆಯುವುದು, ಕಿರುಚುವುದು ಶುರುವಾಯಿತು. ಮಾಟ ಮಾಡಿದರೆಂಬ ಆರೋಪದ ಮೇಲೆ ಫೆಬ್ರವರಿ ಕೊನೆಗೆ ಮೂವರು ಹೆಂಗಸರ ಬಂಧನ. ಮೇ ಕೊನೆಯಲ್ಲಿ ಗವರ್ನರ್ ವಿಲಿಯಂ ಫಿಪ್ಸ್ ವಿಶೇಷ ನ್ಯಾಯಾಲಯ ಕೂಡಿಸಿದ. ಜೂನ್ 10ರಂದು ಮೊದಲ ಗಲ್ಲು, ಸೆಪ್ಟೆಂಬರ್ 22ರಂದು ಕೊನೆಯದು. ಅಷ್ಟರೊಳಗೆ 19 ಜನ ನೇಣಿಗೇರಿದ್ದರು. ಎಂಬತ್ತರ ಹತ್ತಿರದ ಜೈಲ್ಸ್ ಕೋರಿ ತಪ್ಪಿತಸ್ಥನೆಂದೂ ಹೇಳದೆ ಅಲ್ಲವೆಂದೂ ಹೇಳದೆ ಬಾಯಿ ಮುಚ್ಚಿಕೊಂಡಿದ್ದಕ್ಕೆ ಎದೆಯ ಮೇಲೆ ಕಲ್ಲು ಹೇರಿಸಿಕೊಂಡು ಸತ್ತ. ಕನಿಷ್ಠ ಐವರು ಸೆರೆಮನೆಯಲ್ಲೇ ತೀರಿಕೊಂಡರು.

ಮಿಲ್ಲರ್ 1952ರಲ್ಲಿ ಸೇಲಂಗೆ ಹೋಗಿ ಈ ವಿಚಾರಣೆಗಳ ದಾಖಲೆ ಓದಿದರು. ಆಗ ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆದಿತ್ತು. ಸಂಸತ್ತಿನ ಸಮಿತಿಯ ಮುಂದೆ ಕೂತ ನಟರು, ಲೇಖಕರು, ನಿರ್ದೇಶಕರು ತಮ್ಮ ಹಳೆಯ ಗೆಳೆಯರ ಹೆಸರು ಹೇಳಿದರೆ ಕೆಲಸ ಉಳಿಯುತ್ತಿತ್ತು, ಹೇಳದಿದ್ದರೆ ಹೋಗುತ್ತಿತ್ತು. ಮಿಲ್ಲರ್ ನಾಟಕಗಳನ್ನು ನಿರ್ದೇಶಿಸಿದ್ದ ಎಲಿಯಾ ಕಝಾನ್ ಅದೇ ವರ್ಷ ಏಪ್ರಿಲ್‌ನಲ್ಲಿ ಹೆಸರು ಹೇಳಿದರು. 1953ರ ಜನವರಿ 22ರಂದು ನ್ಯೂಯಾರ್ಕಿನಲ್ಲಿ ನಾಟಕ ತೆರೆ ಕಂಡಿತು. ಮಿಲ್ಲರ್ ಅವರನ್ನೇ ಸಮಿತಿ ಕರೆಸಿದ್ದು ಅದಾದ ಮೂರು ವರ್ಷಕ್ಕೆ, 1956ರ ಜೂನ್‌ನಲ್ಲಿ. ತನ್ನ ವಿಷಯ ಕೇಳಿ ಹೇಳುತ್ತೇನೆ, ಬೇರೆಯವರ ಹೆಸರು ಹೇಳಲಾರೆ ಎಂದರು. ಸಂಸತ್ತಿನ ನಿಂದನೆಗೆ ಶಿಕ್ಷೆಯಾಯಿತು, 1958ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ರದ್ದುಮಾಡಿತು. ನಾಟಕ ಮೊದಲು, ನಾಟಕಕಾರನ ವಿಚಾರಣೆ ಆಮೇಲೆ. ಈ ಕ್ರಮವನ್ನು ತಲೆಕೆಳಗು ಮಾಡಿ ಹೇಳುವವರು ಬಹಳ. ತಂಡದ ಮೊದಲ ಕರಪತ್ರದಲ್ಲೂ ಅದು ತಲೆಕೆಳಗಾಗಿಯೇ ಅಚ್ಚಾಗಿತ್ತು.

ಅನುಮತಿಯ ವಿಷಯ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಮಿಲ್ಲರ್ ತೀರಿಕೊಂಡದ್ದು 2005ರಲ್ಲಿ. ಭಾರತದ ಕಾನೂನಿನಲ್ಲಿ ಲೇಖಕನ ಮರಣಾನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಎಂದರೆ 2065ರ ಕೊನೆಯವರೆಗೆ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಆಡಿದರೆ ಪ್ರದರ್ಶನಕ್ಕೆ ಕಾನೂನಿನಲ್ಲಿ ವಿನಾಯಿತಿ ಉಂಟು. ಅನುವಾದಕ್ಕೆ ಆ ವಿನಾಯಿತಿ ತಾಗುವುದಿಲ್ಲ. ತಂಡ ಅನುವಾದ ಮತ್ತು ಪ್ರದರ್ಶನ ಎರಡಕ್ಕೂ ಬರೆದು ಅನುಮತಿ ತರಿಸಿಕೊಂಡಿತು. ಪತ್ರ ಬರಲು ನಾಲ್ಕು ತಿಂಗಳು ಹಿಡಿಯಿತು. ತಾಲೀಮಿನ ದಿನ ನಿಗದಿ ಮಾಡಿದ್ದು ಪತ್ರ ಕೈಗೆ ಬಂದ ಮೇಲೆಯೇ.

ಕನ್ನಡಕ್ಕೆ ತರುವಾಗ

ಅನುವಾದಕರು ಕಾಲೇಜು ಅಧ್ಯಾಪಕರು. ಶೀರ್ಷಿಕೆಗೆ ‘ಮೂಸೆ’ ಎಂದು ಇಟ್ಟರು, ಅಕ್ಕಸಾಲಿಗ ಚಿನ್ನ ಕರಗಿಸುವ ಪಾತ್ರೆಯ ಹೆಸರು. ತಂಡದ ಎಳೆಯರಿಗೆ ಆ ಪದವೇ ಗೊತ್ತಿರಲಿಲ್ಲ. ನಾಯಿ ಮೂಸುವುದಕ್ಕೆ ಸಂಬಂಧಿಸಿದ್ದು ಅಂದುಕೊಂಡಿದ್ದರಂತೆ. ಬೇಟೆಯ ನಾಟಕಕ್ಕೆ ಅದೂ ಹೊಂದುತ್ತದೆ ಎಂದು ನಿರ್ದೇಶಕಿ ಹಾಗೇ ಉಳಿಸಿಕೊಂಡರು. ‘ಸೇಲಂ’ ಅಂದೊಡನೆ ಇಲ್ಲಿನವರ ಮನಸ್ಸಿಗೆ ಬರುವುದು ತಮಿಳುನಾಡಿನ ಸೇಲಂ. ಹಾಗಾಗಿ ಮೊದಲ ಐದು ನಿಮಿಷದಲ್ಲಿ ‘ಸಮುದ್ರ ದಾಟಿ ಬಂದ ನಾವು’ ಎಂಬ ಮಾತು ಎರಡು ಬಾರಿ ಕೇಳುವಂತೆ ಮಾಡಬೇಕಾಯಿತು.

ಸಂಬೋಧನೆ ಇನ್ನೂ ದೊಡ್ಡ ತೊಡಕು. ಮೂಲದಲ್ಲಿ ಗೃಹಿಣಿಯರನ್ನು ‘ಗುಡಿ’ ಎಂದು ಕರೆಯುತ್ತಾರೆ. ಕನ್ನಡದ ಕಿವಿಗೆ ಅದು ದೇವಸ್ಥಾನ. ಅದನ್ನು ತೆಗೆದು ‘ಅಮ್ಮ’ ಸೇರಿಸಿದರೆ ರೆಬೆಕಾ ನರ್ಸ್ ಎಂಬ ಎಪ್ಪತ್ತು ದಾಟಿದ ಮುದುಕಿ ‘ನರ್ಸಮ್ಮ’ ಆಗಿ ಆಸ್ಪತ್ರೆಗೆ ಹೋದಳು. ಮೊದಲ ಓದಿನಲ್ಲೇ ಎಲ್ಲರೂ ನಕ್ಕರು. ಕೊನೆಗೆ ಮನೆತನದ ಹೆಸರು ಬಿಟ್ಟು ರೆಬೆಕಾಮ್ಮ, ಎಲಿಜಬೆತಮ್ಮ ಎಂದಾಯಿತು. ರೆಬೆಕಾಳ ಗಂಡನನ್ನೂ ಫ್ರಾನ್ಸಿಸ್ ಎಂದಷ್ಟೇ ಉಳಿಸಿಕೊಂಡರು.

ನೀನು, ನೀವು, ತಾವು ಇವುಗಳಿಂದ ಕನ್ನಡಕ್ಕೆ ಸಿಕ್ಕ ಲಾಭ ಮೂಲಕ್ಕೂ ಇಲ್ಲ. ಎರಡನೆಯ ಅಂಕದಲ್ಲಿ ಎಲಿಜಬೆತ್ ತನ್ನ ಗಂಡ, ನಾಟಕದ ನಾಯಕ ಜಾನ್ ಪ್ರಾಕ್ಟರ್‌ಗೆ ‘ನೀವು’ ಅನ್ನುತ್ತಾಳೆ. ಆ ಬಹುವಚನದಲ್ಲಿ ಗೌರವ ಕಡಮೆ, ದೂರ ಜಾಸ್ತಿ. ನಾಲ್ಕನೆಯ ಅಂಕದಲ್ಲಿ ಅವನ ನೇಣಿಗೆ ಸ್ವಲ್ಪ ಹೊತ್ತು ಇರುವಾಗ ಮೊದಲ ಸಲ ‘ನೀನು’ ಬರುತ್ತದೆ. ಮೂರನೆಯ ಅಂಕದಲ್ಲಿ, ಆರೋಪ ಹೊರಿಸುವ ಹುಡುಗಿಯರ ಮುಂದಾಳು ಅಬಿಗೇಲ್ ನ್ಯಾಯಾಧೀಶನಿಗೇ ಎಚ್ಚರಿಕೆ ಕೊಡುವ ಜಾಗದಲ್ಲಿ ‘ತಾವು’ ಕೆಳಗಿಳಿದು ‘ನೀವು’ ಆಗುತ್ತದೆ. ನಟಿ ಧ್ವನಿ ಏರಿಸಬೇಕಾಗಿಯೇ ಇಲ್ಲ.

ಟಿಟುಬಾ ಪಾತ್ರದಲ್ಲಿ ತಪ್ಪು ಹೆಜ್ಜೆ ಇಟ್ಟರು. ಮೂಲದಲ್ಲಿ ಆಕೆಯದು ಒಡಕು ಇಂಗ್ಲಿಷ್. ಅನುವಾದಕರು ಅದನ್ನು ಒಂದು ಸೀಮೆಯ ಆಡುಮಾತಿಗೆ ಹಾಕಿದರು. ಓದಿದ ಕೂಡಲೇ ಜನ ನಗತೊಡಗಿದರು, ಗುಲಾಮಳಾದ ಹೆಂಗಸನ್ನು ಚಾವಟಿಯ ಬೆದರಿಕೆ ಹಾಕಿ ಬಾಯಿ ಬಿಡಿಸುವ ದೃಶ್ಯದಲ್ಲಿ! ನಮ್ಮ ಸಿನಿಮಾ, ಧಾರಾವಾಹಿಗಳು ಆಳುಕಾಳುಗಳಿಗೆ ಆಡುಮಾತು ಕೊಟ್ಟು ನಗಿಸಿ ನಗಿಸಿ ಕಿವಿಯನ್ನು ಹೀಗೆ ಪಳಗಿಸಿಬಿಟ್ಟಿವೆ. ಟಿಟುಬಾಗೆ ಉಳಿದವರದೇ ಕನ್ನಡ ಕೊಟ್ಟು ವಾಕ್ಯಗಳನ್ನಷ್ಟೇ ಗಿಡ್ಡ ಮಾಡಿದರು. ಮುಖಕ್ಕೆ ಕಪ್ಪು ಬಳಿಯುವ ಸಲಹೆಯನ್ನು ನಿರ್ದೇಶಕಿ ಅಲ್ಲಿಗೇ ತಳ್ಳಿಹಾಕಿದರು.

ಒಂದು ಪದ ಮಾತ್ರ ತಾನಾಗಿ ಒದಗಿ ಬಂತು. ‘ಹೆಸರು’. ಕನ್ನಡದಲ್ಲಿ ಹೆಸರು ಹೇಳಬಹುದು, ಹೆಸರು ಕೊಡಬಹುದು, ಹೆಸರು ಕೆಡಿಸಬಹುದು, ಹೆಸರು ಉಳಿಸಿಕೊಳ್ಳಬಹುದು. ಸಮಿತಿ ಕೇಳುವುದೂ ಹೆಸರನ್ನೇ, ಜಾನ್ ಪ್ರಾಕ್ಟರ್ ಕೊನೆಗೆ ಬಿಟ್ಟುಕೊಡದೆ ಸಾಯುವುದೂ ಹೆಸರಿಗಾಗಿಯೇ.

ಸಮಸ್ಯೆ

ನಿರ್ದೇಶಕಿಯ ಮೊದಲ ಯೋಜನೆ ಹೀಗಿತ್ತು. ಹಿಂದೆ ಬಿಳಿ ಪರದೆ, ಅದರ ಮೇಲೆ 1950ರ ದಶಕದ ಅಮೆರಿಕದ ವಿಚಾರಣೆಗಳ ಚಿತ್ರ. ಮಿಲ್ಲರ್ ಮೊದಲ ಅಂಕದ ನಡುನಡುವೆ ಬರೆದ ಉದ್ದದ ಗದ್ಯ ಟಿಪ್ಪಣಿಗಳನ್ನು ಹೇಳಲು ಒಬ್ಬ ಸೂತ್ರಧಾರ. ನ್ಯಾಯಾಧೀಶ ಡ್ಯಾನ್‌ಫರ್ತ್‌ಗೆ ನಮ್ಮ ಕಾಲದ ಒಬ್ಬ ರಾಜಕಾರಣಿಯನ್ನು ನೆನಪಿಸುವ ಉಡುಪು, ಕೈ ಆಡಿಸುವ ರೀತಿಯೂ ಅವನದೇ. ಇದಕ್ಕೆಲ್ಲ ಮುಕುಟವಾಗಿ ಇನ್ನೊಂದು: ಬಾಗಿಲಲ್ಲಿ ಪ್ರೇಕ್ಷಕರಿಂದ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಮೂರನೆಯ ಅಂಕದಲ್ಲಿ ಗುಮಾಸ್ತ ಅದರಿಂದ ಐದು ಹೆಸರು ಓದುವುದು.

ಸುಮಾರು ಅರವತ್ತು ಆಹ್ವಾನಿತರ ಮುಂದೆ ಪ್ರಾಯೋಗಿಕ ಪ್ರದರ್ಶನ ನಡೆಯಿತು. ನಾಲ್ಕು ಕಡೆ ಕೆಟ್ಟಿತು.

ರಾಜಕಾರಣಿಯ ಅನುಕರಣೆ ಬಂದ ಕ್ಷಣ ಸಭೆಯ ಅರ್ಧ ಚಪ್ಪಾಳೆ ತಟ್ಟಿತು, ಇನ್ನರ್ಧ ಮುಖ ಬಿಗಿ ಮಾಡಿಕೊಂಡಿತು. ಅಲ್ಲಿಂದ ಮುಂದೆ ಯಾರೂ ಸೇಲಂ ನೋಡಲಿಲ್ಲ. ಚಪ್ಪಾಳೆ ತಟ್ಟಿದವರಿಗೆ ‘ಇದು ಅವರ ಕಥೆ’ ಎಂಬ ನೆಮ್ಮದಿ, ಬಿಗಿದುಕೊಂಡವರಿಗೆ ‘ಇದು ನಮ್ಮ ಮೇಲಿನ ದೂರು’ ಎಂಬ ಸಿಟ್ಟು. ರೂಪಕವನ್ನು ಒಂದೇ ಮೊಳೆಗೆ ನೇತುಹಾಕಿದರೆ ಆಗುವುದು ಇದೇ. ನೋಡುವವನು ತನ್ನನ್ನು ಆರೋಪಿಯ ಜಾಗದಲ್ಲಿ ಇಟ್ಟುಕೊಳ್ಳಬಹುದು, ಆರೋಪ ಹೊರಿಸುವ ಜಾಗದಲ್ಲಿ ಇಟ್ಟುಕೊಳ್ಳುವುದೇ ಇಲ್ಲ.

ಸೂತ್ರಧಾರ ಬಾಯಿ ತೆರೆದಾಗಲೆಲ್ಲ ಮೊಬೈಲಿನ ಬೆಳಕು ಕಾಣಿಸಿತು. ಆ ಟಿಪ್ಪಣಿಗಳು ಓದುಗನಿಗೆ ರುಚಿ. ರಂಗದ ಮೇಲೆ ಅವು ದೃಶ್ಯಕ್ಕಿಂತ ಮುಂಚೆಯೇ ಅರ್ಥ ಹೇಳಿ ಮುಗಿಸುತ್ತವೆ.

ಹೆಸರು ಓದುವ ತಂತ್ರಕ್ಕೆ ಮೊದಲು ನಗು ಬಂತು, ಆಮೇಲೆ ಮುಜುಗರ. ಸರ್ಕಾರಿ ನೌಕರಿಯಲ್ಲಿದ್ದ ಒಬ್ಬರು ತಮ್ಮ ಹೆಸರು ಕೇಳಿದ್ದೇ ಎದ್ದು ಹೊರಟರು. ಭಯದ ಬಗ್ಗೆ ನಾಟಕ ಆಡುವವರು ನೋಡುವವರ ಒಪ್ಪಿಗೆ ಕೇಳದೆ ಭಯ ಹುಟ್ಟಿಸಿದ್ದರು. ತಂಡ ಮರುದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಸಹಿಯ ಪುಸ್ತಕವನ್ನು ಅವರ ಕೈಗೇ ಕೊಟ್ಟಿತು.

ಎಲ್ಲಕ್ಕಿಂತ ಕೆಟ್ಟದ್ದು ಹಕ್ಕಿಯ ದೃಶ್ಯ. ಮೂರನೆಯ ಅಂಕದ ಕೊನೆಗೆ ಅಬಿಗೇಲ್ ತೊಲೆಯ ಮೇಲೆ ಹಳದಿ ಹಕ್ಕಿ ಕೂತಿದೆ, ಅದು ಗುಂಪು ಬಿಟ್ಟು ನಿಜ ಹೇಳಲು ಬಂದ ಮೇರಿ ವಾರೆನ್‌ಳ ಆತ್ಮ ಎಂದು ಕಿರುಚುತ್ತಾಳೆ. ಉಳಿದ ಹುಡುಗಿಯರು ಮೇರಿ ಆಡಿದ ಮಾತನ್ನೆಲ್ಲ ಹಾಗೆಹಾಗೇ ತಿರುಗಿ ಆಡುತ್ತಾರೆ. ಮೈ ನಡುಗಿಸಬೇಕಾದ ಈ ಜಾಗದಲ್ಲಿ ಜನ ಗೊಳ್ಳೆಂದು ನಕ್ಕರು.

ಮಾಡಿ ನೋಡಿದ್ದು

ಮೊದಲ ಯೋಚನೆ ಕಥೆಯನ್ನೇ ಇಲ್ಲಿಗೆ ತಂದುಬಿಡುವುದು. ಕಲ್ಯಾಣ ಕರ್ನಾಟಕದ ಹಳ್ಳಿಗಳಿಗೆ ಬಾನಾಮತಿಯ ಭಯ ಚೆನ್ನಾಗಿ ಗೊತ್ತು. ಹೆಂಗಸರು ಸಾಲಾಗಿ ಬೀಳುವುದು, ಬೊಗಳುವುದು, ಕೊನೆಗೆ ಯಾರೋ ಒಬ್ಬಾಕೆಯ ಮೇಲೆ ಬೆರಳು. ಹತ್ತು ದಿನ ಆ ದಾರಿಯಲ್ಲಿ ತಾಲೀಮು ಮಾಡಿ ಬಿಟ್ಟರು. ಬಿಟ್ಟ ಕಾರಣ ತಿಳಿದುಕೊಳ್ಳುವಂಥದ್ದು. ಬಾನಾಮತಿಯ ಹೊಡೆತ ಓಣಿಯಿಂದ ಬರುತ್ತದೆ, ನೆರೆಹೊರೆಯವರ ಕೈಯಿಂದ. ಪೊಲೀಸರೂ ಕಾನೂನೂ ಅಲ್ಲಿ ತಡವಾಗಿಯಾದರೂ ಬಿಡಿಸಲು ಬರುವವರು. ಕರ್ನಾಟಕದಲ್ಲಿ ಮಾಟಮಂತ್ರದ ವಿರುದ್ಧ 2017ರ ಕಾಯ್ದೆಯೇ ಇದೆ. ಮಿಲ್ಲರ್ ನಾಟಕದಲ್ಲಿ ಹೊಡೆಯುವುದೇ ಕಾನೂನು. ವಾರಂಟು, ಗುಮಾಸ್ತ, ಸಾಕ್ಷಿ, ಸಹಿ, ಮೊಹರು ಎಲ್ಲ ಸರಿಯಾಗಿಯೇ ಇವೆ. ಅದನ್ನು ಕಳೆದುಕೊಂಡರೆ ನಾಟಕದ ಎಂಜಿನ್ನೇ ಹೋದಂತೆ. ಇನ್ನೊಂದು ತೊಂದರೆಯೂ ಇತ್ತು. ‘ಬಾನಾಮತಿ ನಿಜವಾಗಿ ಇದೆಯೋ ಇಲ್ಲವೋ’ ಎಂಬ ಪ್ರಶ್ನೆ ಸಭೆಯನ್ನು ಹಿಡಿದುಕೊಂಡರೆ ‘ಸಾಕ್ಷ್ಯ ಅಂದರೇನು’ ಎಂಬ ಪ್ರಶ್ನೆ ಏಳುವುದಿಲ್ಲ.

ಆಮೇಲೆ ಒಂದು ಅಭ್ಯಾಸ ಮಾಡಿಸಿದರು. ಪ್ರತಿಯೊಬ್ಬರಿಗೂ ಒಂದು ಚೀಟಿ. ‘ನಿನ್ನ ಮೇಲೆ ಆರೋಪವಿದೆ, ಇನ್ನೊಬ್ಬರ ಹೆಸರು ಹೇಳಿದರೆ ಬಿಡುಗಡೆ’. ಇಪ್ಪತ್ತು ನಿಮಿಷದ ಆಟ. ಹದಿನೈದನೆಯ ನಿಮಿಷಕ್ಕೆ ಇಬ್ಬರು ನಟರ ನಡುವಿನ ಹಳೆಯ ಹಣದ ವ್ಯವಹಾರ ಹೊರಗೆ ಬಿತ್ತು. ಮೂರು ವಾರ ಅವರಿಬ್ಬರೂ ಮಾತು ಬಿಟ್ಟರು. ಮುಂದಿನ ಸಲ ಕಟ್ಟುಪಾಡು ಹಾಕಿಕೊಂಡರು: ಪಾತ್ರದ ಹೆಸರು ಮಾತ್ರ, ಏಳು ನಿಮಿಷ ಮಾತ್ರ, ಗಂಟೆ ಹಿಡಿದ ಒಬ್ಬರು ಆಟದ ಹೊರಗೆ, ಮುಗಿದ ಮೇಲೆ ಚಹಾ ಕುಡಿದು ಮಾತಾಡದೆ ಯಾರೂ ಮನೆಗೆ ಹೋಗುವಂತಿಲ್ಲ. ಈ ಅಭ್ಯಾಸ ಬಲವಾದ ಔಷಧಿ. ಲೆಕ್ಕವಿಲ್ಲದೆ ಕೊಡಬಾರದು.

ತಿರುವು

ದಾರಿ ಸಿಕ್ಕಿದ್ದು ನ್ಯಾಯಾಲಯದ ಲೆಕ್ಕವನ್ನು ಗೋಡೆಯ ಮೇಲೆ ಬರೆದ ದಿನ. ಅನುವಾದಕರು ಕಪ್ಪು ಹಲಗೆಯ ಮೇಲೆ 1692ರ ವಿಚಾರಣೆ ಹೇಗೆ ನಡೆಯಿತು ಎಂಬುದನ್ನಷ್ಟೇ ಬರೆದರು, ವ್ಯಾಖ್ಯಾನವಿಲ್ಲದೆ.

ಆರೋಪಿಸುವ ಹುಡುಗಿ ‘ಇವಳ ಪ್ರೇತರೂಪ ಬಂದು ನನ್ನ ಕತ್ತು ಹಿಸುಕಿತು’ ಎನ್ನುತ್ತಾಳೆ. ಅದನ್ನು ಕಾಣಬಲ್ಲವಳು ಅವಳೊಬ್ಬಳೇ. ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ಮಲಗಿದ್ದೆ ಎಂದರೆ ಉಪಯೋಗವಿಲ್ಲ, ದೇಹ ಮಲಗಿದ್ದರೂ ರೂಪ ತಿರುಗಬಹುದಲ್ಲ. ಆರೋಪಿ ಒಪ್ಪಿಕೊಂಡು ಬೇರೆಯವರ ಹೆಸರು ಕೊಟ್ಟರೆ ಆಗ ಗಲ್ಲಿಲ್ಲ, ಅವಳಿಂದ ಇನ್ನೂ ಮಾಹಿತಿ ಬೇಕು. ಒಪ್ಪಿಕೊಳ್ಳದಿದ್ದರೆ ಗಲ್ಲು. ಒಪ್ಪಿಕೊಂಡು ಹಿಂತೆಗೆದುಕೊಂಡರೂ ಗಲ್ಲು: ಸ್ಯಾಮ್ಯುಯೆಲ್ ವಾರ್ಡ್‌ವೆಲ್ ಸತ್ತದ್ದು ಹಾಗೆ. ರೆಬೆಕಾ ನರ್ಸ್‌ಳನ್ನು ಜ್ಯೂರಿ ಮೊದಲು ನಿರ್ದೋಷಿ ಎಂದಿತು. ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟೌಟನ್ ಇನ್ನೊಮ್ಮೆ ಯೋಚಿಸಿ ಎಂದು ಒಳಗೆ ಕಳಿಸಿದ. ಹೊರಬಂದಾಗ ಅವಳು ದೋಷಿ.

ಹಲಗೆ ನೋಡುತ್ತಿದ್ದ ಗುಮಾಸ್ತ ಚೀವರ್ ಪಾತ್ರದ ನಟ, ವೃತ್ತಿಯಲ್ಲಿಯೂ ಗುಮಾಸ್ತರು, ಒಂದು ಮಾತು ಹೇಳಿದರು: ‘ಇದರಲ್ಲಿ ಯಾರೂ ನಿಯಮ ಮುರಿದಿಲ್ಲ ಮೇಡಂ. ಫೈಲು ಸರಿಯಾಗಿದೆ.’

ನಿರ್ದೇಶಕಿ ಆ ರಾತ್ರಿ ಪರದೆ, ಸೂತ್ರಧಾರ, ಅನುಕರಣೆ, ಸಹಿ ಪುಸ್ತಕ ನಾಲ್ಕನ್ನೂ ತೆಗೆದರು. ಫೈಲನ್ನು ಆಡಿಸುವುದೆಂದು ತೀರ್ಮಾನವಾಯಿತು. ಹುಚ್ಚು ಹುಡುಗಿಯರದಿರಲಿ, ಶಿಸ್ತು ಕಚೇರಿಯದಿರಲಿ. ಎರಡನೆಯದು ಗಟ್ಟಿಯಾದಷ್ಟೂ ಮೊದಲನೆಯದು ಹೆದರಿಸುತ್ತದೆ.

ಇದರಿಂದ ಬದಲಾದದ್ದು ಹಲವು. ರಂಗದ ಮೇಲೆ ನಾಲ್ಕು ಬೆಂಚು, ಒಂದು ಮೇಜು, ಎತ್ತರದ ಕಿಟಕಿಯ ಒಂದು ಚೌಕಟ್ಟು ಇಷ್ಟೇ ಉಳಿದವು. ನಾಲ್ಕು ಅಂಕಕ್ಕೂ ಅವೇ. ಚೌಕಟ್ಟಿನ ಹಿಂದೆ ಇಟ್ಟ, ಮೆದು ಅಂಚಿನ ಬೆಳಕು ಚೆಲ್ಲುವ ಫ್ರೆನೆಲ್ ದೀಪ ಮೊದಲ ಅಂಕಕ್ಕೆ ಬೆಳಗಿನ ಬಿಸಿಲು, ಕೊನೆಯ ಅಂಕಕ್ಕೆ ಜೆಲ್ ಎಂಬ ನೀಲಿ ಬಣ್ಣದ ತೆಳು ಹಾಳೆ ಹಾಕಿದರೆ ಸೆರೆಮನೆಯ ಬೆಳುದಿಂಗಳು. ಪ್ರಾಯೋಗಿಕ ಪ್ರದರ್ಶನದಲ್ಲಿ ತುಂಬಿದ ನ್ಯಾಯಾಲಯವನ್ನು ತೋರಿಸಲು ಹೋಗಿದ್ದರು. ಮಿಲ್ಲರ್ ಅದನ್ನು ತೋರಿಸಿಲ್ಲ. ಮೂರನೆಯ ಅಂಕ ನಡೆಯುವುದು ಪಕ್ಕದ ಕೋಣೆಯಲ್ಲಿ, ನ್ಯಾಯಾಲಯ ಗೋಡೆಯಾಚೆಯ ಧ್ವನಿ ಮಾತ್ರ. ಅದನ್ನೇ ಮತ್ತೆ ಹಿಡಿದರು. ಆಚೆಯ ಧ್ವನಿಗೆ ಮೈಕು ಬೇಡವಾಯಿತು, ಬಲಗಡೆ ವಿಂಗಿನಲ್ಲಿ ಗೋಡೆಗೆ ಮುಖ ಮಾಡಿ ಮಾತಾಡಿದರೆ ಸಾಕಾಗಿತ್ತು.

ಚೀವರ್‌ಗೆ ನಿಜವಾದ ಶಾಯಿ ಪೆನ್ನು, ಒರಟು ಕಾಗದ. ಅದರ ಗರಗರ ಸದ್ದು ಮೂರನೆಯ ಸಾಲಿನವರೆಗೂ ಕೇಳಬೇಕು. ಅಂಕ ಪೂರ್ತಿ ಅವರು ಬರೆಯುತ್ತಲೇ ಇರಬೇಕು, ನಟಿಸುವ ಬರವಣಿಗೆ ಅಲ್ಲ, ಕೇಳಿದ್ದನ್ನೇ ಬರೆಯುವುದು.

ಫ್ರಾನ್ಸಿಸ್ ತರುವ ಮನವಿಪತ್ರದ ಮೇಲೆ ತಂಡದವರೇ ಕೂತು ಬೇರೆ ಬೇರೆ ಕೈಬರಹದಲ್ಲಿ 91 ಸಹಿ ಹಾಕಿದರು. ರೆಬೆಕಾ, ಎಲಿಜಬೆತ್, ಕೋರಿಯ ಹೆಂಡತಿ ಮಾರ್ಥಾ ಒಳ್ಳೆಯ ಹೆಂಗಸರು ಎಂದು ನಾಟಕದಲ್ಲಿ ಸಹಿ ಹಾಕುವವರು ಅಷ್ಟು ಜನ. (ಚರಿತ್ರೆಯಲ್ಲಿ ರೆಬೆಕಾ ಪರವಾಗಿ 39 ಜನ ಸಹಿ ಮಾಡಿದ್ದರು.) ನ್ಯಾಯಾಧೀಶ ಪತ್ರ ಓದಿ, ಅದನ್ನು ಚೀವರ್ ಕೈಗೆ ಕೊಟ್ಟು, ಇವರನ್ನೆಲ್ಲ ವಿಚಾರಣೆಗೆ ಕರೆತರಲು ವಾರಂಟು ಬರೆ ಎನ್ನುತ್ತಾನೆ. ರಕ್ಷಣೆಗೆ ಬಂದ ಪಟ್ಟಿಯೇ ಆರೋಪಿಗಳ ಪಟ್ಟಿ. ಮೊದಲು ಈ ಮಾತನ್ನು ಗುಡುಗಿನಂತೆ ಹೇಳುತ್ತಿದ್ದ ನಟನಿಗೆ, ರಜೆ ಅರ್ಜಿಗೆ ಸಹಿ ಹಾಕುವ ಸಾಹೇಬರ ಧ್ವನಿಯಲ್ಲಿ ಹೇಳಲು ಸೂಚಿಸಿದರು. ಪತ್ರ ಮೂರು ಕೈ ದಾಟುವಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ, ಸುಮಾರು ಎಂಟು ಸೆಕೆಂಡು. ಮುಂದೆ ಮೂರು ಪ್ರದರ್ಶನಗಳಲ್ಲಿಯೂ ಸಭೆ ಉಸಿರು ಹಿಡಿದದ್ದು ಇಲ್ಲಿ. 1956ರಲ್ಲಿ ಸಮಿತಿ ಮಿಲ್ಲರ್ ಎದುರಿಗಿಟ್ಟು ಕೇಳಿದ್ದರಲ್ಲಿಯೂ ಅವರು ಹಿಂದೆ ಸಹಿ ಹಾಕಿದ್ದ ಮನವಿಗಳು ಇದ್ದವು.

ಹಕ್ಕಿಯ ದೃಶ್ಯವನ್ನು ಬಿಚ್ಚಿ ಕಟ್ಟಲು ಆರು ಸಂಜೆ ಹಿಡಿಯಿತು. ನಗು ಬಂದದ್ದೇಕೆ ಎಂದು ವಿಡಿಯೋ ಹಾಕಿ ನೋಡಿದರು. ಹುಡುಗಿಯರು ನಾಲ್ವರೂ ನಾಲ್ಕು ಕಡೆ ನೋಡುತ್ತಿದ್ದರು, ಒಟ್ಟಿಗೇ ಕಿರುಚುತ್ತಿದ್ದರು, ಹಿನ್ನೆಲೆಯಲ್ಲಿ ರೆಕ್ಕೆಯ ಸದ್ದು ಬೇರೆ ಹಾಕಿದ್ದರು. ಸದ್ದು ತೆಗೆದರು. ಸಭಾಂಗಣದ ಹಿಂಗೋಡೆಯಲ್ಲಿ ಪ್ರೇಕ್ಷಕರ ತಲೆಯ ಮೇಲಿದ್ದ ಒಂದು ಕೊಂಡಿಯನ್ನು ಗುರುತು ಮಾಡಿ ನಾಲ್ವರ ಕಣ್ಣೂ ಅಲ್ಲೇ ಎಂದರು. ಎರಡನೆಯ ಪ್ರದರ್ಶನದಲ್ಲಿ ಒಂದಿಬ್ಬರು ಪ್ರೇಕ್ಷಕರು ತಿರುಗಿ ನೋಡಿದ್ದೂ ಉಂಟು. ಮೇರಿಯ ಮಾತನ್ನು ಮೊದಲ ಸಲ ಒಬ್ಬಳೇ ಪುನರುಚ್ಚರಿಸುತ್ತಾಳೆ, ಕಿರುಚದೆ. ಎರಡನೆಯ ಸಲಕ್ಕೆ ಇಬ್ಬರು. ನಾಲ್ವರೂ ಕೂಡುವುದು ಐದನೆಯ ಸಲ.

ಆದರೂ ನಗು ಪೂರಾ ನಿಂತದ್ದು ಹುಡುಗಿಯರಿಂದಲ್ಲ. ಅವರ ಮೇಲಿದ್ದ ಬೆಳಕನ್ನು ಅರ್ಧಕ್ಕೆ ಇಳಿಸಿ ನ್ಯಾಯಾಧೀಶನ ಮುಖದ ಮೇಲೆ ಏರಿಸಿದರು. ಡ್ಯಾನ್‌ಫರ್ತ್ ಮೇಲೆ ನೋಡುತ್ತಾನೆ. ಅವನಿಗೆ ಏನೂ ಕಾಣುವುದಿಲ್ಲ. ಕಾಣುವುದಿಲ್ಲ ಎಂದು ಹೇಳುವುದೂ ಇಲ್ಲ. ಅದೇ ಗಳಿಗೆಗೆ ಚೀವರ್‌ನ ಪೆನ್ನು ನಿಲ್ಲುತ್ತದೆ. ಒಂದು ಗಂಟೆಯಿಂದ ಕೇಳಿ ಕೇಳಿ ಮರೆತೇಹೋಗಿದ್ದ ಸದ್ದು ನಿಂತಾಗ ಸಭೆಗೆ ಗೊತ್ತಾಗುತ್ತದೆ, ಕಚೇರಿ ನಂಬಿಬಿಟ್ಟಿದೆ ಎಂದು.

ಈ ದೃಶ್ಯಕ್ಕೆ ಎಚ್ಚರಿಕೆಯೂ ಬೇಕು. ಸರಸರ ಉಸಿರಾಡಿ ಒಬ್ಬ ಹುಡುಗಿಗೆ ತಾಲೀಮಿನಲ್ಲಿ ನಿಜವಾಗಿಯೇ ತಲೆ ಸುತ್ತಿ ಬೆರಳು ಜುಮುಗುಟ್ಟಿತು. ಪಕ್ಕದವಳಿಗೂ ಹಾಗೇ ಆಯಿತು. ನಾಟಕ ಯಾವುದರ ಬಗ್ಗೆ ಇದೆಯೋ ಅದೇ ಕೋಣೆಯೊಳಗೆ ಕಾಲಿಟ್ಟಿತ್ತು. ಆಮೇಲೆ ಪೂರ್ಣ ಧ್ವನಿಯ ಕಿರುಚಾಟ ಒಂದು ಸಂಜೆಗೆ ಎರಡೇ ಸಲ, ಅದೂ ಉಸಿರು ಹೊರಬಿಡುವಾಗ ಮಾತ್ರ ಎಂದು ಕಟ್ಟುನಿಟ್ಟು ಮಾಡಿದರು. ದೃಶ್ಯ ಮುಗಿದೊಡನೆ ಕೂತು ನೀರು ಕುಡಿಯಬೇಕು.

ಕತ್ತರಿ ಆಡಿಸಿದ್ದರಲ್ಲಿ ಒಂದು ತಪ್ಪಾಗಿತ್ತು. ಮೂರು ಗಂಟೆಯ ಹತ್ತಿರದ ನಾಟಕವನ್ನು ಎರಡು ಗಂಟೆ ಹತ್ತು ನಿಮಿಷಕ್ಕೆ ತರಲು ಮೊದಲ ಅಂಕದ ಜಮೀನಿನ, ಮರದ ಜಗಳವನ್ನು ತೆಗೆದಿದ್ದರು. ಸಿರಿವಂತ ಜಮೀನುದಾರ ಪುಟ್ನಂ, ಪ್ರಾಕ್ಟರ್, ಕೋರಿ ಗಡಿಗಾಗಿ ಕಿತ್ತಾಡುವ ಮಾತು ಅದು. ಅದಿಲ್ಲದೆ ಮೂರನೆಯ ಅಂಕದಲ್ಲಿ ಕೋರಿ ‘ಪುಟ್ನಂ ನೆರೆಯವರ ಭೂಮಿಗಾಗಿ ಅವರನ್ನು ಕೊಲ್ಲಿಸುತ್ತಿದ್ದಾನೆ’ ಎಂದಾಗ ಯಾರಿಗೂ ತಲೆಬುಡ ತಿಳಿಯಲಿಲ್ಲ. ನಾಲ್ಕು ನಿಮಿಷ ವಾಪಸ್ ಸೇರಿಸಿದರು. ಪಹಣಿ ತಿದ್ದುಪಡಿಗೆ ಅಲೆದವರು ತುಂಬಿದ ಊರಿನಲ್ಲಿ ಈ ಜಗಳಕ್ಕೆ ವಿವರಣೆ ಬೇಕಾಗಲಿಲ್ಲ. ಪ್ರಾಕ್ಟರ್ ಮತ್ತು ಅಬಿಗೇಲ್ ಕಾಡಿನಲ್ಲಿ ಭೇಟಿಯಾಗುವ ದೃಶ್ಯವನ್ನು ಮಾತ್ರ ಬಿಟ್ಟೇಬಿಟ್ಟರು. ಮಿಲ್ಲರ್ ಅದನ್ನು ಆಮೇಲೆ ಸೇರಿಸಿದ್ದು, ಬಹುತೇಕ ತಂಡಗಳು ಬಿಡುತ್ತವೆ.

ಕೊನೆಯ ಅಂಕದ ಕಾಗದದ ಕಥೆ ಸಣ್ಣದು, ಆದರೆ ಅದಕ್ಕೇ ಒಂದು ವಾರ ಹೋಯಿತು. ಪ್ರಾಕ್ಟರ್ ತಪ್ಪೊಪ್ಪಿಗೆಗೆ ಸಹಿ ಹಾಕುತ್ತಾನೆ, ಬೇರೆಯವರ ಹೆಸರು ಹೇಳಲು ಒಲ್ಲೆ ಎನ್ನುತ್ತಾನೆ, ಕಾಗದವನ್ನು ಚರ್ಚಿನ ಬಾಗಿಲಿಗೆ ಹಚ್ಚುತ್ತಾರೆಂದು ತಿಳಿದು ಹರಿದುಹಾಕುತ್ತಾನೆ. ಎ4 ಹಾಳೆ ಬೆಳಕಿಗೆ ಜೆರಾಕ್ಸ್ ಪ್ರತಿಯಂತೆ ಹೊಳೆಯಿತು. ಚಹಾದ ನೀರಲ್ಲಿ ಅದ್ದಿ ಒಣಗಿಸಿದ ಕಾಗದ ಚೆನ್ನಾಗಿ ಕಂಡಿತು, ಹರಿದರೆ ಸದ್ದೇ ಇಲ್ಲ. ಕೊನೆಗೆ ದಪ್ಪ ಡ್ರಾಯಿಂಗ್ ಶೀಟಿಗೆ ಒಂದೇ ಬದಿ ಚಹಾ ಸವರಿದರು. ಹರಿದಾಗ ಬಟ್ಟೆ ಹರಿದಂಥ ಸದ್ದು. ತಾಲೀಮಿಗೇ ಹದಿನಾಲ್ಕು ಶೀಟು ಮುಗಿದವು. ಕಾಗದ ಹರಿದ ಮೇಲೆ ಎಲಿಜಬೆತಳ ‘ನೀನು’ ಬರುತ್ತದೆ, ಮುಂಚೆ ಅಲ್ಲ.

ಏನಾಯಿತು

ಎರಡು ದಿನ ಊರಿನಲ್ಲಿ, ಒಂದು ಸಂಜೆ ಪಕ್ಕದ ತಾಲ್ಲೂಕಿನ ಕಾಲೇಜಿನಲ್ಲಿ ನಾಟಕ ನಡೆಯಿತು. ವೇದಿಕೆಯ ಮೇಲೆ ಅಮೆರಿಕದ ಸಮಿತಿಯ ಹೆಸರೂ ಬರಲಿಲ್ಲ, ನಮ್ಮ ಕಾಲದ ಯಾರ ಹೆಸರೂ ಬರಲಿಲ್ಲ. ಮಿಲ್ಲರ್, ಸೇಲಂ, 1953, 1956 ಎಲ್ಲ ಒಂದು ಹಾಳೆಯ ಕರಪತ್ರದಲ್ಲಿ ಇದ್ದವು. ಅದನ್ನು ಕೊಟ್ಟದ್ದು ನಾಟಕ ಮುಗಿದು ಹೊರಡುವಾಗ.

ಸಂವಾದದಲ್ಲಿ ಹಿರಿಯರೊಬ್ಬರು ತುರ್ತುಪರಿಸ್ಥಿತಿ ನೆನೆದರು. ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ತಿಂಗಳುಗಟ್ಟಲೆ ಇದ್ದು, ಕಾಯಿಲೆಯಿಂದ ಪೆರೋಲ್ ಮೇಲೆ ಹೊರಬಂದು 1977ರ ಜನವರಿಯಲ್ಲಿ ತೀರಿಕೊಂಡದ್ದನ್ನು ಹೇಳುವಾಗ ಅವರ ದನಿ ಬಿತ್ತು. ಒಬ್ಬ ಹುಡುಗಿ 2018ರ ಮಕ್ಕಳ ಕಳ್ಳರ ವಾಟ್ಸಾಪ್ ವದಂತಿಯ ಮಾತೆತ್ತಿದಳು, ಆ ವರ್ಷ ಬೆಂಗಳೂರಿನಲ್ಲಿಯೂ ಬೀದರ್ ಜಿಲ್ಲೆಯಲ್ಲಿಯೂ ಜನ ಸೇರಿ ಅಮಾಯಕರನ್ನು ಹೊಡೆದು ಕೊಂದಿದ್ದರು. ಪ್ರಾಯೋಗಿಕ ಪ್ರದರ್ಶನದಲ್ಲಿ ಮುಖ ಬಿಗಿದುಕೊಂಡು ಕೂತಿದ್ದವರಲ್ಲಿ ಒಬ್ಬರು ಮತ್ತೆ ಬಂದಿದ್ದರು. ಅವರು ತಮ್ಮ ಓಣಿಯ ಬಹಿಷ್ಕಾರದ ಒಂದು ಪ್ರಸಂಗ ಹೇಳಿ, ‘ಆ ಕಾಗದಕ್ಕೆ ನಾನೂ ಸಹಿ ಹಾಕಿದ್ದೆ’ ಎಂದರು. ಸಭೆಯಲ್ಲಿ ಯಾರೂ ಏನೂ ಕೇಳಲಿಲ್ಲ.

ಒಪ್ಪದವರೂ ಇದ್ದರು, ಅವರ ಮಾತಿನಲ್ಲಿ ತೂಕವೂ ಇತ್ತು. ‘ಮಾಟಗಾತಿಯರು ಇರಲೇ ಇಲ್ಲ, ಅಮೆರಿಕದಲ್ಲಿ ಕಮ್ಯುನಿಸ್ಟರು ನಿಜವಾಗಿ ಇದ್ದರು, ಕೆಲವರು ಬೇಹುಗಾರಿಕೆಯನ್ನೂ ಮಾಡಿದ್ದರು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ?’ ನಾಟಕ ಬಂದ ಕಾಲದಿಂದಲೂ ಇರುವ ಆಕ್ಷೇಪ ಇದು. ಗುಮಾಸ್ತರ ಪಾತ್ರದ ನಟರು ಕೊಟ್ಟ ಉತ್ತರ ಚಿಕ್ಕದು: ಕಳ್ಳರು ಇರುವ ಊರಿನಲ್ಲಿಯೂ, ಇನ್ನೊಬ್ಬನ ಹೆಸರು ಕೊಟ್ಟವನನ್ನು ಬಿಡುತ್ತೇನೆ ಎಂದರೆ ಪಟ್ಟಿ ಬೆಳೆಯುತ್ತದೆ, ಕಳ್ಳ ಸಿಗುವುದಿಲ್ಲ. ಕೇಳಿದವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಮುಗಿಯದೆ ಉಳಿದದ್ದು ಅಬಿಗೇಲ್‌ಳ ಪ್ರಶ್ನೆ. ಚರಿತ್ರೆಯ ಅಬಿಗೇಲ್ ವಿಲಿಯಮ್ಸ್‌ಗೆ 11 ಅಥವಾ 12 ವರ್ಷ, ಜಾನ್ ಪ್ರಾಕ್ಟರ್‌ಗೆ ಅರವತ್ತರ ಹತ್ತಿರ. ಮಿಲ್ಲರ್ ಅವಳನ್ನು 17ಕ್ಕೆ ಏರಿಸಿ, ಅವನನ್ನು ಮೂವತ್ತರ ಮಧ್ಯಕ್ಕೆ ಇಳಿಸಿ, ಇಬ್ಬರ ನಡುವೆ ಸಂಬಂಧ ಕಟ್ಟಿದರು. ನಾಟಕಕ್ಕೆ ಅದರಿಂದ ಬಿಸಿ ಬಂತು. ಆದರೆ ಒಂದು ಆಡಳಿತದ ಅಪರಾಧದ ಮೂಲ ಒಬ್ಬ ಹುಡುಗಿಯ ಆಸೆಗೆ ಹೋಗಿ ನಿಂತಿತು. ಪಾತ್ರ ಮಾಡಿದ ನಟಿ ಇದನ್ನು ಮೊದಲ ಓದಿನಿಂದಲೂ ಎತ್ತುತ್ತಿದ್ದಳು. ನಿರ್ದೇಶಕಿ ಅವಳ ಕೆಲವು ಸಾಲುಗಳ ಬೆಡಗನ್ನು ತಗ್ಗಿಸಿ ಭಯವನ್ನು ಹೆಚ್ಚಿಸಿದರು. ಅದಕ್ಕಿಂತ ಹೆಚ್ಚು ಪಠ್ಯ ಬಿಟ್ಟುಕೊಡಲಿಲ್ಲ, ಬದಲಾಯಿಸಲು ಅನುಮತಿಯೂ ಇರಲಿಲ್ಲ.

ಕಾಲೇಜಿನ ಪ್ರದರ್ಶನಕ್ಕೆ ಮುಂಚೆ ನಟಿ ಕರಪತ್ರದ ಕರಡು ಕೇಳಿ ಪಡೆದಳು. ಕೊನೆಯ ಪ್ಯಾರಾದಲ್ಲಿ ಸಣ್ಣ ಅಕ್ಷರದಲ್ಲಿದ್ದ ಒಂದು ಸಾಲನ್ನು ಗುರುತು ಮಾಡಿ ಮೇಲಕ್ಕೆ ಬಾಣ ಎಳೆದು ಕೊಟ್ಟಳು. ಆ ಸಂಜೆ ಹಂಚಿದ ಹಾಳೆಯಲ್ಲಿ ಶೀರ್ಷಿಕೆಯ ಕೆಳಗಿನ ಮೊದಲ ಸಾಲು ಅದೇ: ‘ಸೇಲಂನ ಅಬಿಗೇಲ್‌ಗೆ ಆಗ ಹದಿನೇಳು ಆಗಿರಲಿಲ್ಲ, ಹನ್ನೊಂದೋ ಹನ್ನೆರಡೋ.’